ಬಾಲವಿಲ್ಲದ ಸಾಲು

ಗುಡ್ಡದ ಬುಡದಲ್ಲಿದ್ದ ಆ ಶಿಬಿರದಲ್ಲಿ ನಾಯಕರನ್ನು ತಯಾರಿಸುತ್ತಿದ್ದರು. ಎಂಟರಿಂದ ಹತ್ತು ವರ್ಷದವರು ‘ಮೊಳಕೆ’, ಹದಿಮೂರರವರೆಗಿನವರು ‘ಚಿಗುರು’, ಹದಿನೇಳರವರೆಗಿನವರು ‘ಹೆಮ್ಮರ’. ಹದಿನೇಳಕ್ಕೇ ಹೆಮ್ಮರವಾಗಿಬಿಟ್ಟರೆ ಉಳಿದ ಆಯುಷ್ಯದಲ್ಲಿ ಏನು ಮಾಡಬೇಕು ಎಂದು ಯಾರೂ ಕೇಳಿರಲಿಲ್ಲ. ಶಿಬಿರದ ಒಡೆಯರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಯಾವ ಹಡಗಿಗೆ, ಯಾವ ತಂಡಕ್ಕೆ ಕ್ಯಾಪ್ಟನ್ ಎಂದೂ ಯಾರೂ ಕೇಳಿರಲಿಲ್ಲ. ಕೇಳದೆ ನಂಬುವುದೇ ನಾಯಕತ್ವದ ಮೊದಲ ಪಾಠವಿರಬೇಕು.

ಅಲ್ಲಿನ ಕಚೇರಿ ಕೋಣೆಯಲ್ಲಿ ಕೂತು, ತಂದೆತಾಯಿಗಳ ಫೋನುಗಳಿಗೆ ಉತ್ತರ ಕೊಡುತ್ತಿದ್ದವಳೇ ಫೋನಕ್ಕ. ಮಕ್ಕಳಿಟ್ಟ ಹೆಸರು ಅದು. ‘ನಮ್ಮ ಪಾಪು ಹಾಲು ಕುಡಿದ್ನಾ?’ ಎಂದು ಹೆಮ್ಮರದ ಹುಡುಗನ ತಾಯಿ ಕೇಳಿದರೆ, ‘ಕುಡಿದ ಮೇಡಂ, ಧೈರ್ಯವಾಗಿ ಕುಡಿದ’ ಎನ್ನುವುದು ಅವಳ ಕೆಲಸ. ಸುಳ್ಳಿಗೆ ಸಕ್ಕರೆ ಬೆರೆಸುವುದು ಅವಳಿಗೆ ಕರಗತವಾಗಿತ್ತು. ನೌಕರರ ಮಕ್ಕಳಿಗೆ ಶಿಬಿರ ಉಚಿತವಾದ್ದರಿಂದ ಅವಳ ಮಗಳು ಚಿಗುರಿನಲ್ಲಿದ್ದಳು. ಹದಿಮೂರರ ಆ ಹುಡುಗಿಯನ್ನು ಮಕ್ಕಳು ಕರೆಯುತ್ತಿದ್ದದ್ದು ‘ಬಾಲ’ ಎಂದು.

ಅದರ ಹಿಂದೆ ಒಂದು ಪದ್ಧತಿಯಿತ್ತು. ಗುಡ್ಡ ಹತ್ತುವಾಗ ಸಾಲಿನ ಕಟ್ಟಕಡೆಯಲ್ಲಿ ಒಬ್ಬರು ನಡೆಯಬೇಕು. ತನ್ನ ಹಿಂದೆ ಯಾರನ್ನೂ ಬಿಟ್ಟು ಬರಬಾರದು, ಅಷ್ಟೇ ಅವರ ಕೆಲಸ. ಆ ಜಾಗಕ್ಕೆ ‘ಬಾಲ’ ಎಂದು ಹೆಸರು. ಎಲ್ಲ ಮಕ್ಕಳೂ ಸರದಿಯಲ್ಲಿ ಬಾಲವಾಗಬೇಕಿತ್ತು. ಆದರೆ ಮಿಕ್ಕವರು ಮುಖ ಸಿಂಡರಿಸಿದಾಗಲೆಲ್ಲ ಈ ಹುಡುಗಿ ತಾನಾಗಿಯೇ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಹೋದ ವರ್ಷವೂ ಹಾಗೇ, ಈ ವರ್ಷವೂ ಹಾಗೇ.

ಫೋನಕ್ಕನಿಗೆ ಇದನ್ನು ನೋಡಲು ಆಗುತ್ತಿರಲಿಲ್ಲ. ಶಾಲೆಯಲ್ಲಿ ತಾನೂ ಕೊನೆಯ ಬೆಂಚು, ಮದುವೆಯ ಫೋಟೋದಲ್ಲೂ ಗಂಡನ ಅತ್ತಿಗೆಯ ಭುಜದ ಹಿಂದೆ ಅರ್ಧ ಮುಖ. ಮಗಳಾದರೂ ಮುಂದೆ ನಿಲ್ಲಲಿ ಎಂದು ಅವಳ ಆಸೆ. ಮುಂದಿನ ವರ್ಷದ ಹೆಮ್ಮರಕ್ಕೆ ನೌಕರರ ಪಾಲಿಗೆ ಇದ್ದದ್ದು ಒಂದೇ ಸೀಟು, ಅದನ್ನು ಕೊಡುವುದು ಕ್ಯಾಪ್ಟನ್ ಇಷ್ಟ. ಅಡುಗೆಯವನಿಗೂ ಒಬ್ಬ ಮಗನಿದ್ದ, ಅವನು ಎಲ್ಲದರಲ್ಲೂ ಮುಂದಿದ್ದ, ಊಟದಲ್ಲಂತೂ ಎರಡು ಹೆಜ್ಜೆ ಮುಂದೆ.

ಅಷ್ಟರಲ್ಲಿ ಒಬ್ಬ ತಂದೆಯ ಫೋನು ಬಂತು. ‘ನಮ್ಮ ಹುಡುಗನ್ನ ಬಾಲ ಮಾಡಿದೀರಂತೆ! ಬಾಲ ಆಗೋಕೆ ನಿಮ್ಮ ಶಿಬಿರಕ್ಕೆ ಬರಬೇಕಾ? ಮನೇಲೇ ಆಗ್ತಿರಲಿಲ್ವಾ?’

ದೂರನ್ನು ಕ್ಯಾಪ್ಟನ್‌ಗೆ ಒಪ್ಪಿಸುತ್ತ ಫೋನಕ್ಕ ಮೆಲ್ಲಗೆ ಒಂದು ಮಾತು ಸೇರಿಸಿದಳು. ‘ಸಾರ್, ಆ ಜಾಗಾನೇ ತೆಗೆದುಬಿಟ್ರೆ? ಬಾಲಾನೇ ಇಲ್ಲ ಅಂದ್ಮೇಲೆ ದೂರು ಎಲ್ಲಿಂದ ಬರುತ್ತೆ?’

ಕ್ಯಾಪ್ಟನ್ ಅವಳನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಮರುದಿನವೇ ಊಟದ ಕೋಣೆಯ ಗೋಡೆಗೆ ಬೋರ್ಡು ಬಿತ್ತು: ‘ಇಲ್ಲಿ ಕೊನೆಯವರು ಯಾರೂ ಇಲ್ಲ, ಎಲ್ಲರೂ ನಾಯಕರೇ.’ ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂದು ನಮ್ಮ ಹಿರಿಯರು ಕೇಳಿದ್ದರು. ಪಾಪ, ಅವರು ಇಂಥ ಶಿಬಿರಕ್ಕೆ ಹೋದವರಲ್ಲ.

ಕೊನೆಯ ದಿನ ಮೂರೂ ತಂಡಗಳು ಒಟ್ಟಿಗೆ ಗುಡ್ಡ ಹತ್ತಿ ಇಳಿಯಬೇಕಿತ್ತು. ಕೆಳಗೆ ಮೈದಾನದಲ್ಲಿ ತಂದೆತಾಯಿಗಳಿಗೆ ಕುರ್ಚಿ, ಶಾಮಿಯಾನ. ಎಲ್ಲ ಮಕ್ಕಳೂ ಒಟ್ಟಿಗೆ ಮೊದಲ ಸ್ಥಾನ ಗಳಿಸಲೆಂದು ಮೈದಾನದ ಈ ತುದಿಯಿಂದ ಆ ತುದಿಗೆ ಕೆಂಪು ರಿಬ್ಬನ್ನು.

ಬೆಳಿಗ್ಗೆ ಮಗಳ ಶೂ ಲೇಸು ಬಿಗಿಯುತ್ತ ಫೋನಕ್ಕ ಹೇಳಿದಳು, ‘ಇವತ್ತೊಂದು ದಿನ ಮುಂದೆ ನಡಿಯೇ, ನನ್ನ ಚಿನ್ನ. ಕ್ಯಾಪ್ಟನ್ ನೋಡ್ತಿರ್ತಾರೆ.’

‘ಮತ್ತೆ ಹಿಂದೆ ಯಾರಿರ್ತಾರೆ?’

‘ಯಾರೂ ಇರಲ್ಲ. ಆ ಜಾಗಾನೇ ಈಗಿಲ್ಲ.’

‘ಜಾಗ ತೆಗೆದ್ರೆ ಹಿಂದೆ ಉಳಿಯೋರು ಇರಲ್ವಾ ಅಮ್ಮ?’

‘ಎದುರು ಮಾತಾಡಬೇಡ’ ಎಂದಳು ತಾಯಿ. ಉತ್ತರವಿಲ್ಲದ ತಾಯಂದಿರಿಗೆಲ್ಲ ಇರುವುದು ಇದೊಂದೇ ಉತ್ತರ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಇಳಿದು ಬಂದರು. ಇಬ್ಬರು ತರಬೇತುದಾರರಲ್ಲಿ ಒಬ್ಬ ಎಲ್ಲರಿಗಿಂತ ಮುಂದೆ ಓಡುತ್ತಿದ್ದ. ಇನ್ನೊಬ್ಬ ಅವನಿಗಿಂತಲೂ ಮುಂದೆ ಬಂದು ವಿಡಿಯೋ ತೆಗೆಯುತ್ತಿದ್ದ. ಎಲ್ಲರೂ ನಾಯಕರಾದ್ದರಿಂದ ಎಲ್ಲರೂ ಒಬ್ಬರನ್ನೊಬ್ಬರು ನೂಕಿಕೊಂಡು ಬಂದು ರಿಬ್ಬನ್ನಿನ ಮೇಲೆ ಬಿದ್ದರು. ಚಪ್ಪಾಳೆಯೋ ಚಪ್ಪಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅಲ್ಲಿ ಧೂಳು ಮೆತ್ತಿಕೊಂಡ ಅಷ್ಟೂ ಹೆಗ್ಗಣಗಳು ಕ್ಯಾಮೆರಾಗಳ ಮುಂದೆ ಹಲ್ಲು ಕಿರಿದವು.

ಫೋನಕ್ಕ ಕತ್ತು ಉದ್ದ ಮಾಡಿ ನೋಡಿದಳು. ಅಡುಗೆಯವನ ಮಗ ಎದ್ದು ಕಾಣುವಂತೆ ನಡುವೆ ನಿಂತಿದ್ದ. ತನ್ನ ಮಗಳಿಲ್ಲ. ಅವಳಿಗೆ ಮೊದಲು ಆದದ್ದು ಹೆದರಿಕೆಯಲ್ಲ, ನಾಚಿಕೆ. ಇಷ್ಟು ಹೇಳಿದರೂ ಇವಳು ಇವತ್ತೂ ಹಿಂದೆಯೇ ಉಳಿದಳಲ್ಲ, ನನ್ನ ಮಾನ ಕಳೆಯಲಿಕ್ಕೇ ಹುಟ್ಟಿದ್ದಾಳೆ ಎಂದು ಮೈಯೆಲ್ಲ ಉರಿಯಿತು.

ಅದೇ ಹೊತ್ತಿಗೆ ಕ್ಯಾಪ್ಟನ್ ಪಕ್ಕಕ್ಕೆ ಬಂದರು. ‘ಎಲ್ಲಮ್ಮಾ ನಿಮ್ಮ ಮಗಳು? ಹೆಮ್ಮರದ ಸೀಟು ಹೇಳಿಬಿಡೋಣ ಅಂತ. ನೀವು ಕೊಟ್ಟ ಐಡಿಯಾ ನಾನು ಮರೆತಿಲ್ಲ.’

‘ಬಂದಾಯ್ತು ಸಾರ್. ಒಳಗೆ ಬಟ್ಟೆ ಬದಲಾಯಿಸ್ತಿದಾಳೆ’ ಎಂದಳು ಫೋನಕ್ಕ. ಹಾಲು ಕುಡಿದ ಎನ್ನುವಷ್ಟೇ ಸಲೀಸಾಗಿ ಬಂತು ಮಾತು.

ಕ್ಯಾಪ್ಟನ್ ತಲೆಯಾಡಿಸಿ, ನಾಯಕತ್ವದ ಬಗ್ಗೆ ಭಾಷಣಕ್ಕೆ ಹೊರಟರು. ಭಾಷಣದ ನಡುವೆ ಅವರು ನೀರು ಕುಡಿಯಲು ನಿಂತಾಗ ಒಬ್ಬ ಮನುಷ್ಯ ಎದ್ದು ನಿಂತ. ಹಲ್ಲಿನ ಡಾಕ್ಟರು, ಮೊಳಕೆಯ ಅತಿ ಚಿಕ್ಕ ಹುಡುಗಿ ‘ಕಡಲೆಕಾಳಿ’ನ ಅಪ್ಪ. ‘ನನ್ನ ಮಗಳು ಕಾಣ್ತಿಲ್ಲ’ ಎಂದ.

‘ಎಲ್ಲರೂ ಬಂದಿದಾರೆ ಸಾರ್, ನೀವೇ ನೋಡಿದ್ರಲ್ಲ’ ಎಂದರು ಕ್ಯಾಪ್ಟನ್ ಮೈಕಿನಲ್ಲೇ. ‘ನಮ್ಮಲ್ಲಿ ಯಾರೂ ಹಿಂದೆ ಉಳಿಯೋದೇ ಇಲ್ಲ.’

ಕಡಲೆಕಾಳು ನಡೆಯುವುದು ನಿಧಾನ, ಅವಳ ಹಿಂದೆ ಯಾರಿರುತ್ತಾರೆ ಎನ್ನುವುದು ಇಡೀ ಶಿಬಿರಕ್ಕೆ ಗೊತ್ತಿದ್ದ ಸಂಗತಿ. ಗುಡ್ಡದ ಆಚೆ ಮಗ್ಗುಲಲ್ಲಿ ಕಲ್ಲಿನ ಕೊರಕಲಿತ್ತು. ಫೋನಕ್ಕ ಕಚೇರಿಯ ಚಪ್ಪಲಿಯಲ್ಲೇ ಓಡಿದಳು. ಚಪ್ಪಲಿ ಕಿತ್ತುಹೋದ ಮೇಲೆ ಬರಿಗಾಲಲ್ಲಿ ಓಡಿದಳು. ಅವಳ ಬಾಯಿಂದ ಮಗಳ ಹೆಸರು ಬಿಟ್ಟು ಬೇರೆ ಏನೂ ಹೊರಡಲಿಲ್ಲ. ಸೀಟು, ಫೋಟೋ, ಕ್ಯಾಪ್ಟನ್ ಎಲ್ಲ ಹಾಳಾಗಿ ಹೋಗಲಿ, ಹುಡುಗಿ ಸಿಕ್ಕಿದರೆ ಸಾಕು.

ದಾರಿಯ ಎರಡನೇ ತಿರುವಿನಲ್ಲಿ ಸಿಕ್ಕಳು. ಕಾಲು ಉಳುಕಿದ ಕಡಲೆಕಾಳನ್ನು ಬೆನ್ನ ಮೇಲೆ ಹೊತ್ತು, ಅಲ್ಲಲ್ಲಿ ಕೂತು, ಮತ್ತೆ ಹೊತ್ತು ಇಳಿಯುತ್ತಿದ್ದಳು. ಮಂಡಿ ತರಚಿತ್ತು, ಅಂಗಿಯ ತುಂಬ ಮಣ್ಣು. ಫೋನಕ್ಕ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಅತ್ತುಬಿಟ್ಟಳು.

‘ನೋಡು, ಬರ್ತಾರೆ ಅಂದ್ನಲ್ಲ!’ ಎಂದಳು ಮಗಳು, ಬೆನ್ನ ಮೇಲಿದ್ದವಳಿಗೆ. ಆಮೇಲೆ ತಾಯಿಯ ಕಡೆ ತಿರುಗಿ, ‘ಇವಳು ಒಂದೇ ಸಮ ಅಳ್ತಿದ್ಳಮ್ಮ. ಸಾಲು ಕೆಳಗೆ ಮುಟ್ಟಿದ ತಕ್ಷಣ ನಮ್ಮಮ್ಮಂಗೆ ಗೊತ್ತಾಗುತ್ತೆ, ನಮ್ಮಮ್ಮ ಎಲ್ಲರಿಗೂ ಹೇಳ್ತಾಳೆ, ಓಡಿ ಬರ್ತಾರೆ ಅಂತ ಸಮಾಧಾನ ಮಾಡ್ತಿದ್ದೆ. ಯಾಕಿಷ್ಟು ಹೊತ್ತಾಯ್ತು?’

‘ಈಗ ತಾನೇ ಗೊತ್ತಾಯ್ತು ಕಂದ’ ಎಂದಳು ಫೋನಕ್ಕ.

ಕಡಲೆಕಾಳನ್ನು ಹೊತ್ತು ತಾಯಿ ಮಗಳು ಮೈದಾನಕ್ಕೆ ಬಂದರು. ಹಲ್ಲಿನ ಡಾಕ್ಟರು ಓಡಿ ಬಂದು ಮಗಳನ್ನು ಎತ್ತಿಕೊಂಡ. ಜನರಲ್ಲಿ ಗುಸುಗುಸು ಶುರುವಾಯಿತು. ಆ ಗುಸುಗುಸು ದೂರಾಗಿ ಬದಲಾಗುವ ಮುನ್ನವೇ ಕ್ಯಾಪ್ಟನ್ ಮೈಕು ಹಿಡಿದಾಗಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ.

‘ನೋಡಿ, ಇದೇ ನಮ್ಮ ತರಬೇತಿ! ಯಾರೂ ಹೇಳದೇನೇ ಈ ಹುಡುಗಿ ಜವಾಬ್ದಾರಿ ಹೊತ್ಲು. ಮುಂದಿನ ವರ್ಷದ ಹೆಮ್ಮರದ ಸೀಟು ಇವಳಿಗೇ!’

ಚಪ್ಪಾಳೆ ಬಿತ್ತು. ಫೋನಕ್ಕ ಕಣ್ಣೊರೆಸಿಕೊಂಡಳು. ಬೇಡಿದ್ದು ಸಿಕ್ಕಿತ್ತು, ಮಗಳು ಎಲ್ಲರ ಮುಂದೆ ನಿಂತಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ಕ್ಯಾಪ್ಟನ್ ಗಂಟೇನು ಹೋಗುತ್ತಿತ್ತು? ಆದರೆ ಹೊಗಳಿಕೆಗೆ ಕೂತವರು ಅರ್ಧಕ್ಕೆ ಏಳುವುದಿಲ್ಲ.

‘ಇನ್ನು ಇವಳ ತಾಯಿ! ಮಗಳು ಬಂದಿಲ್ಲ ಅಂತ ಇವರಿಗೆ ಗೊತ್ತಿತ್ತು. ನಾನೇ ಕೇಳಿದೆ. ನೀವ್ಯಾರೂ ಗಾಬರಿ ಆಗಬಾರದು ಅಂತ, ಒಳಗೆ ಬಟ್ಟೆ ಬದಲಾಯಿಸ್ತಿದಾಳೆ ಅಂತ ನಗ್ತಾ ಹೇಳಿದ್ರು. ಎಂಥ ಸ್ಥೈರ್ಯ! ತಾಯಿಯಂತೆ ಮಗಳು. ಜೋರಾಗಿ ಚಪ್ಪಾಳೆ!’

ಚಪ್ಪಾಳೆ ಇನ್ನೂ ಜೋರಾಯಿತು. ಮಗಳು ಚಪ್ಪಾಳೆ ತಟ್ಟಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದಳು, ಲೆಕ್ಕ ಬಿಡಿಸುವಾಗ ನೋಡುವಂತೆ ಹುಬ್ಬು ಸ್ವಲ್ಪ ಗಂಟಿಕ್ಕಿ.

‘ಎಲ್ಲಿಗೆ ಹೊರಟೆ?’ ಎಂದಳು ಫೋನಕ್ಕ, ಮಗಳು ಗುಂಪು ಬಿಟ್ಟು ಒಳಗೆ ಹೊರಟಾಗ.

‘ಬಟ್ಟೆ ಬದಲಾಯಿಸೋಕೆ’ ಎಂದಳು ಮಗಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ‘ನೀನು ಹೇಳಿದ್ದು ಸುಳ್ಳಾಗಬಾರದಲ್ಲಮ್ಮ.’