ಎಡಗೆನ್ನೆಯ ನಾಲ್ಕನೇ ಚುಕ್ಕೆ

ದೊಡ್ಡಬಳ್ಳಾಪುರದ ಹೊರಗೆ ಬಟ್ಟೆ ಗೊಂಬೆ ಹೊಲಿಯುವ ಒಂದು ಕಾರ್ಖಾನೆಗೆ ಆ ವರ್ಷ ಕಾರ್ತಿಕ ಮಾಸದಲ್ಲಿ ಉತ್ತರ ಧ್ರುವವೇ ಬಂದು ಇಳಿಯಿತು. ಹಿಮಕರಡಿ, ಹಿಮನರಿ, ಹಿಮಸಾರಂಗ, ಎರಡು ಕೋರೆಯ ವಾಲ್ರಸ್, ಮೈತುಂಬ ಜಡೆಗೂದಲಿನ ಮಸ್ಕ್ ಎತ್ತು, ಆಮೇಲೆ ಸೀಲ್ ಮರಿ. ಲೈನಿಗೊಂದು ಪ್ರಾಣಿ. ಜ್ಯೂಸ್ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಮಂಜುಗಡ್ಡೆ ಕಾಣದ ಹೆಂಗಸರು ಹಿಮದ ಪ್ರಾಣಿಗಳಿಗೆ ಮೂಗು ಬಾಯಿ ಇಡಲು ಕೂತರು.

ಹೆಸರಿಡುವುದರಲ್ಲಿ ಅವರೇನೂ ಹಿಂದೆ ಬಿದ್ದವರಲ್ಲ. ವಾಲ್ರಸ್ಸಿಗೆ 'ಎಲೆಅಡಿಕೆ ಮಾವ' ಎಂದರು, ಮಸ್ಕ್ ಎತ್ತಿಗೆ 'ಜಡೆಮುನಿ' ಎಂದರು. ಸೀಲ್ ಮರಿಗೆ ಮಾತ್ರ ಅಡ್ಡಹೆಸರು ಹುಟ್ಟಲಿಲ್ಲ. ಕೈಗೆತ್ತಿಕೊಂಡವರೆಲ್ಲ ಅದನ್ನು 'ಪಾಪು' ಎಂದೇ ಕರೆದರು. ಬೆಳ್ಳಗೆ, ದುಂಡಗೆ, ಹೊಟ್ಟೆಯ ಮೇಲೆ ಮಲಗಿ ಕತ್ತೆತ್ತಿ ನೋಡುವ ಮರಿ ಅದು. ಐದಾರು ತಿಂಗಳ ಕೂಸು ಬೋರಲು ಬಿದ್ದಾಗ ಹಾಗೇ ಅಲ್ಲವೇ ನೋಡುವುದು?

ಅದರ ಮುಖದ ಕೆಲಸ ರೂಪಳ ಮೇಜಿಗೆ ಬಂತು. ಲೈನಿನ ಸೂಪರ್‌ವೈಸರ್ ಜಯಕುಮಾರ್ ಹತ್ತಿರ ಬಂದು ದನಿ ತಗ್ಗಿಸಿದ. "ಬೇಡ ಅಂದ್ರೆ ಹೇಳಿ ರೂಪಮ್ಮ. ನರಿ ಲೈನಿಗೆ ಹಾಕ್ತೀನಿ."

"ಮಾಡ್ತೀನಿ ಬಿಡಿ ಸಾರ್," ಎಂದಳು ರೂಪ.

ಅವನು ಕೇಳಿದ್ದಕ್ಕೆ ಕಾರಣವಿತ್ತು. ರೂಪಳ ಏಳು ತಿಂಗಳ ಮಗಳು ತೀರಿಕೊಂಡು ಐದು ತಿಂಗಳಾಗಿತ್ತು. ಕೂಸು ಹೋದ ಮೂರನೇ ವಾರಕ್ಕೆ ಅವಳು ಕೆಲಸಕ್ಕೆ ಬಂದಾಗ ಇನ್ನೂ ಎದೆಯಲ್ಲಿ ಹಾಲು ಕಟ್ಟುತ್ತಿತ್ತು. ಊಟದ ಬಿಡುವಿನಲ್ಲಿ ಅವಳು ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿ ಬರುವುದನ್ನು ಲೈನಿನ ಹೆಂಗಸರೆಲ್ಲ ಬಲ್ಲರು. ಬಲ್ಲರಾಗಿಯೇ ಯಾರೂ ಕೇಳುತ್ತಿರಲಿಲ್ಲ.

ಸೀಲ್ ಮರಿಯ ಮುಖಕ್ಕೆ ಎರಡು ಕರಿಗಣ್ಣು, ಕಪ್ಪು ದಾರದ ಮೂಗು, ಮೀಸೆಯ ಬುಡಕ್ಕೆಂದು ಎಡಕ್ಕೆ ಮೂರು, ಬಲಕ್ಕೆ ಮೂರು ಪುಟ್ಟ ಚುಕ್ಕೆ. ಆರು ಚುಕ್ಕೆ ಎಂದರೆ ಆರೇ. ಒಪ್ಪಿಗೆಯಾದ ಮಾದರಿ ಗೊಂಬೆ ಜಯಕುಮಾರನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ದೇವರಂತೆ ಕೂತಿತ್ತು.

ಎರಡನೇ ದಿನ ಊಟದ ಹೊತ್ತಿಗೆ ಸ್ಯಾಂಪಲ್ ವಿಭಾಗದ ಹುಡುಗಿ ಅರ್ಪಿತ ಗೊಂಬೆಗಳ ಕೊರಳಿಗೆ ಕಟ್ಟುವ ಚೀಟಿಗಳನ್ನು ತಂದಳು. ಅದರಲ್ಲಿ ಏನು ಬರೆದಿದೆ ಹೇಳು ಎಂದು ಹೆಂಗಸರು ದುಂಬಾಲು ಬಿದ್ದರು.

"ಹಿಮಕರಡಿ ಮರಿ ಎರಡು ವರ್ಷ ತಾಯಿ ಹಿಂದೇನೇ ಇರುತ್ತಂತೆ. ವಾಲ್ರಸ್ ಮರೀನೂ ಅಷ್ಟೇ. ಈ ಸೀಲ್ ಮಾತ್ರ ಹನ್ನೆರಡೇ ದಿನ ಹಾಲು ಕೊಡೋದು. ಆಮೇಲೆ ಮರೀನ ಮಂಜಿನ ಮೇಲೇ ಬಿಟ್ಟು ನೀರಿಗಿಳಿದು ಹೋಗ್ಬಿಡುತ್ತೆ. ವಾಪಸ್ ಬರಲ್ಲ."

"ಹನ್ನೆರಡ್ ದಿನಾನಾ!" ದಾರ ಕತ್ತರಿಸುವ ಅಮ್ಮಯಮ್ಮ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದಳು. ಲೈನಿನಲ್ಲೆಲ್ಲ ಹಿರಿಯಳು ಅವಳೇ. "ಬಾಣಂತಿ ತಲೆಗೆ ಸರ್ಯಾಗಿ ಎರಡು ನೀರು ಬಿದ್ದಿರಲ್ವಲ್ಲೇ! ಅದೆಂಥ ತಾಯೇ ಅದು?"

ಎಲ್ಲರೂ ನಕ್ಕರು. ಅರ್ಪಿತಳಿಗೆ ಯಾಕೋ ಆ ತಾಯಿಯ ಪರ ಮಾತಾಡಬೇಕೆನಿಸಿತು. "ಹಂಗಲ್ಲಕ್ಕ. ಆ ಹನ್ನೆರಡು ದಿನ ಅದು ಬಾಯಿಗೆ ಹೆಚ್ಚೇನೂ ಹಾಕ್ಕೊಳಲ್ವಂತೆ. ಹಾಲು ಬೆಣ್ಣೆ ಥರ ಗಟ್ಟಿ. ಸಾವಿರ ಮರಿ ನಡುವೆ ತನ್ನ ಮರೀನ ವಾಸನೆಯಿಂದಲೇ ಹುಡುಕುತ್ತೆ. ಇರೋದನ್ನೆಲ್ಲ ಕೊಟ್ಟು ತಾನು ಒಣಗಿ ಹೋಗಿರುತ್ತೆ."

"ಮರಿ ಏನಾಗುತ್ತೆ?" ಎಂದಳು ರೂಪ. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಅಳ್ತಾ ಇರುತ್ತೆ. ಆಮೇಲೆ ಬಿಳೀ ಕೂದಲು ಉದುರುತ್ತೆ, ತಾನೇ ಈಜು ಕಲಿಯುತ್ತೆ. ಕೆಲವು ಬದುಕ್ತಾವೆ, ಕೆಲವು ಇಲ್ಲ."

"ಇಲ್ಲ ಅಂದ್ರೆ ಯಾರ ತಪ್ಪು?"

ಅರ್ಪಿತ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತಪ್ಪಿನ ವಿಚಾರ ಅದರಲ್ಲಿ ಬರೆದಿರಲಿಲ್ಲ.

ರೂಪಳ ವಿಷಯದಲ್ಲಿ ತಪ್ಪು ಯಾರದೆಂದು ತೀರ್ಮಾನವಾಗಿ ಹೋಗಿತ್ತು. ಸಾಸಲು ಹೋಬಳಿಯ ಅವಳ ಊರಿಗೆ ಕಂಪನಿಯ ವ್ಯಾನು ಬೆಳಿಗ್ಗೆ ಏಳಕ್ಕೆ ಬರುತ್ತದೆ. ಆಷಾಢದ ಆ ದಿನ ಗಾಳಿಗೆ ಹೆದರಿ ಕೂಸಿಗೆ ಕುಲಾವಿ, ಉಲ್ಲನ್ ಕಾಲುಚೀಲ ಎಲ್ಲ ತೊಡಿಸಿದ್ದಳು. ಕೆನ್ನೆಗೆ ಬೊಟ್ಟಿಡುವ ಕಾಡಿಗೆಯ ಡಬ್ಬಿ ಮಾತ್ರ ಸಿಗಲಿಲ್ಲ. ಅತ್ತೆ ಅಕ್ಕಯಮ್ಮ ಹರಳೆಣ್ಣೆ ದೀಪದ ಮಸಿ ಹಿಡಿದು, ಬೆಣ್ಣೆಯಲ್ಲಿ ಕಲಸಿ ಮಾಡಿದ ಕಾಡಿಗೆ. ಬೀದಿಯ ಕೂಸುಗಳಿಗೆಲ್ಲ ಅದರದೇ ಬೊಟ್ಟು. ಹುಡುಕುವಷ್ಟರಲ್ಲಿ ವ್ಯಾನು ಹಾರ್ನ್ ಹಾಕಿತು. ರೂಪ ಮಗಳನ್ನು ಅತ್ತೆಯ ತೊಡೆಗೆ ಹಾಕಿ ಓಡಿದಳು.

ಕೂಸಿಗೆ ಮೂರು ದಿನದಿಂದ ನೆಗಡಿಯಿತ್ತು. ಮಧ್ಯಾಹ್ನ ಉಸಿರು ಕಟ್ಟತೊಡಗಿತು. ಅಕ್ಕಯಮ್ಮ ಆಟೋ ಹಿಡಿದು ಆಸ್ಪತ್ರೆಗೆ ಒಯ್ದಳು. ರೂಪ ಅಲ್ಲಿಗೆ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನ್ಯುಮೋನಿಯಾ ಎಂದರು ಡಾಕ್ಟರು. ಅವರು ಹೇಳಿದ್ದೊಂದೂ ರೂಪಳ ಕಿವಿಗೆ ಬೀಳಲಿಲ್ಲ. ಅವಳು ಮೊದಲು ನೋಡಿದ್ದು ಮಗಳ ಎಡಗೆನ್ನೆ. ಅದು ಬೋಳಾಗಿತ್ತು. ಆಗಲೇ ಅಕ್ಕಯಮ್ಮ ಎದೆ ಬಡಿದುಕೊಂಡು ಅಂದದ್ದು: "ಬೊಟ್ಟಿಡದಂಗೆ ಹೋದ್ಯಲ್ಲೇ! ಯಾರ ಕಣ್ಣು ಬಿತ್ತೋ ನನ್ ಬಂಗಾರಕ್ಕೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಈ ಮಾತು ಹೋಗಲಿಲ್ಲ. ಅಕ್ಕಯಮ್ಮ ಅದನ್ನು ಮತ್ತೊಮ್ಮೆ ಆಡಲಿಲ್ಲ, ರೂಪ ಅದಕ್ಕೆ ಉತ್ತರ ಕೊಡಲಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಸಾರಿಗೆ ಉಪ್ಪಾಯಿತೇ, ನೀರು ಬಂತೇ ಎಂದು ಮಾತಾಡಿಕೊಂಡು ಐದು ತಿಂಗಳು ದೂಡಿದರು. ಅಕ್ಕಯಮ್ಮ ಕಾಡಿಗೆ ಮಾಡುವುದನ್ನು ಬಿಟ್ಟಳು. ಬೀದಿಯವರು ಕೇಳಿದರೆ, "ಕಣ್ಣು ಕಾಣಲ್ಲ ಕಣವ್ವ," ಅನ್ನುತ್ತಿದ್ದಳು.

ಅರ್ಪಿತ ಚೀಟಿ ಓದಿ ಹೋದ ಮಧ್ಯಾಹ್ನವೇ ರೂಪ ಮೊದಲ ಮರಿಗೆ ಏಳನೇ ಚುಕ್ಕೆ ಹಾಕಿದಳು. ಮೀಸೆಯ ಮೂರು ಚುಕ್ಕೆಯಿಂದ ಒಂದಿಷ್ಟು ಆಚೆಗೆ, ಎಡಗೆನ್ನೆಯ ಮೇಲೆ, ಉದ್ದ ಕೂದಲಿನ ಅಡಿಯಲ್ಲಿ. ಸೂಜಿ ಹಾಕಿ ತೆಗೆದದ್ದಷ್ಟೇ. ಬೇಕೆಂದು ಯೋಚಿಸಿ ಮಾಡಿದ್ದಲ್ಲ. ಇಷ್ಟು ಬೆಳ್ಳಗಿನ ಕೂಸನ್ನು ಬೊಟ್ಟಿಲ್ಲದೆ ಯಾವ ತಾಯಿ ಹೊರಗೆ ಕಳಿಸುತ್ತಾಳೆ? ಅದೂ ಬಿಟ್ಟುಹೋಗುವ ತಾಯಿಯ ಕೂಸು! ಎರಡನೆಯದಕ್ಕೂ ಹಾಕಿದಳು. ಆಮೇಲೆ ಬಿಡಲಾಗಲಿಲ್ಲ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕದಿದ್ದರೆ ಆ ಇನ್ನೊಂದರ ತಪ್ಪು ಮತ್ತೆ ಅವಳ ತಲೆಗೇ ಬರುತ್ತದಲ್ಲ.

ಹೀಗೆ ನಾನೂರ ಹನ್ನೆರಡು ಮರಿಗಳು ಕೆನ್ನೆಗೆ ಬೊಟ್ಟಿಟ್ಟುಕೊಂಡು ಅವಳ ಮೇಜು ದಾಟಿದವು. ತಪಾಸಣೆಯವರು ಗೊಂಬೆಯ ಕಣ್ಣು ಜಗ್ಗಿ ನೋಡಿದರು, ಹೊಲಿಗೆ ಎಳೆದು ನೋಡಿದರು. ಕೂದಲಿನ ಕೆಳಗೆ ಯಾರೂ ನೋಡಲಿಲ್ಲ. ಆ ಹತ್ತು ದಿನ ರೂಪ ಚೆನ್ನಾಗಿ ಉಂಡಳು. ಅಮ್ಮಯಮ್ಮ ಏನೋ ತಮಾಷೆ ಮಾಡಿದಾಗ ಒಮ್ಮೆ ನಕ್ಕದ್ದೂ ಉಂಟು. ಮಗಳಿಗೆ ಮಾಡದೆ ಬಿಟ್ಟದ್ದನ್ನು ದಿನಕ್ಕೆ ನಲವತ್ತು ಸಲ ಮಾಡುತ್ತಿದ್ದವಳಿಗೆ ಮನೆಗೆ ಹೋಗಿ ಮಲಗಿದರೆ ನಿದ್ದೆ ಬರುತ್ತಿತ್ತು.

ಸಿಕ್ಕಿಬಿದ್ದದ್ದು ಒಂದು ಬಾಚಣಿಗೆಯಿಂದ. ಗೊಂಬೆ ತರಿಸಿಕೊಳ್ಳುವ ಕಂಪನಿಯ ಕಡೆಯವನೊಬ್ಬ ಕೊನೆಯ ತಪಾಸಣೆಗೆ ಬಂದು, ಮರಿಯ ಮುಖದ ಕೂದಲು ಬಾಚಿ ನೋಡಿ, ಚುಕ್ಕೆ ಎಣಿಸಿದ. ಏಳು. ಇನ್ನೊಂದು ತೆಗೆದ. ಏಳು. ಪೆಟ್ಟಿಗೆಗಳನ್ನೆಲ್ಲ ಒಡೆಸಿದ.

ಜಯಕುಮಾರ್ ಒಂದು ಮರಿಯನ್ನು ಎತ್ತಿ ಹಿಡಿದು ಲೈನಿನ ಮುಂದೆ ನಿಂತ. "ಯಾರ್ ಕೆಲಸ ಇದು? ಸ್ಯಾಂಪಲ್ ನೋಡಲ್ವಾ? ಕಣ್ಣೇನು ಮನೇಲಿಟ್ಟು ಬರ್ತೀರಾ?"

ರೂಪ ಎದ್ದು ನಿಂತಳು. ಅವನ ದನಿ ಅರ್ಧಕ್ಕೆ ಇಳಿಯಿತು. "ಯಾಕೆ ರೂಪಮ್ಮ ಹಿಂಗ್ ಮಾಡಿದ್ರಿ? ಏನಿದು?"

ಅಮ್ಮಯಮ್ಮನೇ ಎದ್ದು ಬಂದು, ಮರಿಯನ್ನು ಅವನ ಕೈಯಿಂದ ಇಸಿದುಕೊಂಡು, ಕೂದಲು ಸರಿಸಿ ನೋಡಿದಳು. "ದೃಷ್ಟಿಬೊಟ್ಟು ಕಣಪ್ಪ," ಎಂದಳು. ಮಿಷಿನ್‌ಗಳು ಒಂದೊಂದಾಗಿ ನಿಂತವು.

ಜಯಕುಮಾರ್ ಕೆಟ್ಟವನಲ್ಲ. ಅವನ ಮನೆಯಲ್ಲೂ ಬೊಟ್ಟಿಡುವ ವಯಸ್ಸಿನ ಮಗುವಿತ್ತು. "ನಾನೇನು ಮಾಡ್ಲಿ ರೂಪಮ್ಮ. ಸ್ಯಾಂಪಲ್ ಇದ್ದಂಗೇ ಹೋಗ್ಬೇಕು. ಬಿಚ್ಚಲೇಬೇಕು. ನೀವು ಮನೆಗೆ ಹೋಗಿ, ಬೇರೆಯವರ ಕೈಲಿ ಬಿಚ್ಚಿಸ್ತೀನಿ."

"ಬೇರೆಯವ್ರು ಮುಟ್ಟೋದು ಬೇಡ ಸಾರ್," ಎಂದಳು ರೂಪ. "ಇಟ್ಟೋಳು ನಾನು. ನಾನೇ ತೆಗೀತೀನಿ."

ಎರಡು ದಿನ ಹಿಡಿಯಿತು. ಒಂದೊಂದೇ ಮರಿಯನ್ನು ತೊಡೆಯ ಮೇಲೆ ಮಲಗಿಸಿ, ಕೂದಲು ಸರಿಸಿ, ಸಣ್ಣ ಕತ್ತರಿಯ ತುದಿಯಿಂದ ದಾರ ಕಿತ್ತು, ಕೆನ್ನೆ ತೀಡಿ ಕೆಳಗಿಟ್ಟಳು. ಹೊಲಿಯುವಾಗ ಒಂದಕ್ಕೂ ಅತ್ತವಳಲ್ಲ. ಬಿಚ್ಚುವಾಗ ಮೂಗು ಸೋರುತ್ತಿತ್ತು, ಕಣ್ಣು ಸೋರುತ್ತಿತ್ತು, ಬಿಳಿ ಬಟ್ಟೆಗೆ ಕಲೆಯಾದೀತೆಂದು ಮಗ್ಗುಲಿಗೆ ತಿರುಗಿ ಒರೆಸಿಕೊಳ್ಳುತ್ತಿದ್ದಳು. ಕಿತ್ತ ದಾರವನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಊಟದ ಡಬ್ಬಿಗೆ ತುಂಬಿಕೊಂಡು ಮನೆಗೆ ಹೊರಟಳು.

ಸಂಜೆ ಬಿಸಿಲು ಇನ್ನೂ ಇತ್ತು. ಅಕ್ಕಯಮ್ಮ ಜಗಲಿಯಲ್ಲಿ ಕಾಲು ಚಾಚಿ ನೆನೆದ ಅವರೆಕಾಳು ಹಿತುಕುತ್ತಿದ್ದಳು. ರೂಪ ಎದುರಿಗೆ ಕೂತು ಡಬ್ಬಿ ತೆರೆದಳು.

"ಇದೇನೇ ಕಪ್ಪಗೆ? ಕೂದ್ಲಾ?"

"ಬೊಟ್ಟು ಅತ್ತೆ."

ಐದು ತಿಂಗಳಲ್ಲಿ ಆ ಮನೆಯಲ್ಲಿ ಆ ಪದ ಎದ್ದದ್ದು ಅದೇ ಮೊದಲು. ರೂಪ ಎಲ್ಲವನ್ನೂ ಹೇಳಿದಳು. ಮಂಜಿನ ದೇಶ, ಹನ್ನೆರಡು ದಿನದ ಹಾಲು, ಏಳನೇ ಚುಕ್ಕೆ, ಬಾಚಣಿಗೆ. "ನಾನೂರಕ್ಕೂ ನಾನೇ ಅಳಿಸ್ಬಿಟ್ಟೆ ಅತ್ತೆ. ಆವತ್ತು ಒಂದಕ್ಕೆ ಇಡದಂಗೆ ಹೋದೆ, ಇವತ್ತು ಇಷ್ಟಕ್ಕೂ ಕಿತ್ ಹಾಕಿ ಬಂದೆ. ನಾನು ತಾಯಾಗೋಕೆ ಲಾಯಕ್ಕಿಲ್ಲ."

ಅಕ್ಕಯಮ್ಮನ ಬೆರಳುಗಳ ನಡುವೆ ಒಂದು ಕಾಳು ಹಾಗೇ ಉಳಿಯಿತು. "ಹಂಗನ್ಬೇಡ," ಎಂದಳು. ಆ ಕಾಳನ್ನು ಕೆಳಗಿಟ್ಟು ಮತ್ತೆ ಅಂದಳು: "ನಾನು ಇಟ್ಟಿದ್ದೆ ಕಣೆ."

ರೂಪ ತಲೆಯೆತ್ತಿದಳು.

"ನೀನು ವ್ಯಾನ್ ಹತ್ತಿದ್ಮ್ಯಾಕೆ ಡಬ್ಬಿ ಸಿಕ್ತು. ಕೌದಿ ಅಡೀಲಿತ್ತು. ಎಡಗೆನ್ನೆಗೆ ಇಟ್ಟೆ. ಕಾಲುಚೀಲ ಬಿಚ್ಚಿ ಪಾದಕ್ಕೂ ಇಟ್ಟೆ. ಮಗು ನಗ್ತು. ಕಚಗುಳಿ ಆಯ್ತೇನೋ."

"ಕೆನ್ನೇಲಿ ಇರ್ಲಿಲ್ಲವಲ್ಲ ಅತ್ತೆ. ನಾನು ನೋಡಿದ್ನಲ್ಲ."

"ಒರೆಸ್ದೆ." ಅಕ್ಕಯಮ್ಮ ಸೆರಗಿನ ಅಂಚನ್ನು ಹಿಡಿದು ತೋರಿಸಿದಳು, ಇನ್ನೂ ಅದರಲ್ಲಿ ಮಸಿ ಇದೆಯೇನೋ ಎಂಬಂತೆ. "ಡಾಕ್ಟ್ರು ಹೋಯ್ತು ಅಂದ್ರಲ್ಲ, ಆ ಬೊಟ್ಟು ನೋಡಿ ನಂಗೆ ಕೋಪ ಬಂದ್ಬಿಡ್ತು. ನೀನಿದ್ದೂ ಏನು ಕಡಿದೆ ಅಂತ ಇದೇ ಸೆರಗಲ್ಲಿ ಒರೆಸ್ಬಿಟ್ಟೆ. ಅಷ್ಟೊತ್ಗೆ ನೀನು ಬಂದೆ. ನೆಗಡಿ ಕೂಸನ್ನ ನನ್ ಕೈಲಿ ಕೊಟ್ಟು ಹೋಗಿದ್ದೆ, ನನ್ ಕೈಲೇ ಹೋಯ್ತು. ಏನ್ ಮಾಡ್ದೆ ನನ್ ಮಗೂನ ಅಂತ ಎಲ್ಲಿ ಕೇಳ್ಬಿಡ್ತೀಯೋ ಅಂತ ಹೆದ್ರಿ, ನಾನೇ ಮೊದ್ಲು ಆ ಮಾತಂದ್ಬಿಟ್ಟೆ. ಪಾಪಿ ನಾನು. ನಿನ್ ಮುಖ ನೋಡ್ದಾಗೆಲ್ಲ ಹೇಳೋಣ ಅನ್ಕಂಡೆ. ಬಾಯಿ ಬರ್ಲಿಲ್ಲ."

ರೂಪಳಿಗೆ ಹಗುರಾಗಬೇಕಿತ್ತು. ಐದು ತಿಂಗಳು ಹೊತ್ತ ತಪ್ಪು ಅವಳದಲ್ಲ ಎಂದು ಆಡಿದವಳೇ ಹೇಳುತ್ತಿದ್ದಳು. ಹಗುರಾಗುವ ಬದಲು ಅವಳಿಗೆ ಕೂತ ಜಗಲಿಯೇ ಕುಸಿದಂತಾಯಿತು. ಇಷ್ಟು ದಿನ ಮಗಳು ಸತ್ತದ್ದಕ್ಕೆ ಒಂದು ಕಾರಣವಾದರೂ ಇತ್ತು. ಹಿಡಿದುಕೊಳ್ಳಲು ಬೆರಳ ತುದಿಯಷ್ಟು ಮಸಿಯಾದರೂ ಇತ್ತು: ಅದೊಂದು ಇಟ್ಟಿದ್ದರೆ ಮಗಳು ಈ ಹೊತ್ತಿಗೆ ಅಂಬೆಗಾಲಿಕ್ಕಿ ಈ ಜಗಲಿಗೆ ಬರುತ್ತಿದ್ದಳು, ಅವರೆಕಾಳು ಚೆಲ್ಲುತ್ತಿದ್ದಳು. ಈಗ ಅದೂ ಇಲ್ಲ. ಬೊಟ್ಟಿತ್ತು, ಕುಲಾವಿಯಿತ್ತು, ಅಜ್ಜಿಯ ತೊಡೆಯಿತ್ತು, ಆದರೂ ಹೋದಳು. ಕೆಲವು ಬದುಕುತ್ತವೆ, ಕೆಲವು ಇಲ್ಲ. ಚೀಟಿಯಲ್ಲಿ ಬರೆದದ್ದು ಅಷ್ಟೇ.

ಅತ್ತೆಯ ಮೇಲೆ ಸಿಟ್ಟು ಬಂತು. ಬಂದದ್ದು ಹೆಚ್ಚು ಹೊತ್ತು ಉಳಿಯಲಿಲ್ಲ. ಎದುರಿಗೆ ಕೂತ ಮುದುಕಿ ಅಳುತ್ತಿರುವುದು ತನ್ನ ಕೂಸಿಗಾಗಿಯೇ ಎಂದು ಅವಳಿಗೆ ಗೊತ್ತಿತ್ತು.

"ಪಾದದ್ದು?" ಎಂದು ಕೇಳಿದಳು.

"ಆಂ?"

"ಪಾದಕ್ಕೆ ಇಟ್ಟಿದ್ರಲ್ಲ ಅತ್ತೆ. ಅದನ್ನೂ ಒರೆಸಿದ್ರಾ?"

ಅಕ್ಕಯಮ್ಮ ತಲೆಯಾಡಿಸಿದಳು. "ಇಲ್ಲ ಕಣವ್ವ. ಕೈ ಬರ್ಲಿಲ್ಲ. ಕೊನೇ ನೀರು ಹಾಕ್ದಾಗ್ಲೂ ಆ ಪಾದ ಉಜ್ಲಿಲ್ಲ ನಾನು. ಅದರ ಮೇಲೇ ಕಾಲುಚೀಲ ಹಾಕಿ ಕಳಿಸ್ದೆ."

"ಯಾವ ಕಾಲು?"

"ಎಡಗಾಲು."

ರೂಪ ಅಂಗೈ ಬಿಡಿಸಿ ನೋಡಿಕೊಂಡಳು. ಆ ಪಾದ ಅದರೊಳಗೆ ಹಿಡಿಸುತ್ತಿತ್ತು. ಆಮೇಲೆ ಅವಳು ಅತ್ತೆಯ ತೊಡೆಯ ಮೇಲೆ, ಕೂಸು ಮಲಗುತ್ತಿದ್ದ ಜಾಗದಲ್ಲೇ ತಲೆಯಿಟ್ಟು, ಬೀದಿಯವರೆಲ್ಲ ಹೊರಗೆ ಬರುವ ಹಾಗೆ ಅತ್ತಳು.