ಗೋಂದಿನ ಫ್ಯಾಕ್ಟರಿ

ನಿನ್ನ ಕೆಲಸ ಏನೇ ಅಂತ ಅಜ್ಜಿ ಕೇಳಿದಾಗ ಅವಸರದಲ್ಲಿ “ಅಂಟಿನ ಬಗ್ಗೆ” ಅಂದುಬಿಟ್ಟಿದ್ದೆ. ಅಷ್ಟೇ ಸಾಕಾಯಿತು. ಮೊಮ್ಮಗಳು ಗೋಂದಿನ ಫ್ಯಾಕ್ಟರಿಯಲ್ಲಿದ್ದಾಳೆ ಅಂತ ನೆಂಟರಿಗೆಲ್ಲ ಡಂಗುರ ಸಾರಿದಳು. ನನಗೆ ಮೈಯೆಲ್ಲ ಉರಿಯಿತು. ಅವಳನ್ನು ಲ್ಯಾಬಿಗೇ ಕರೆತಂದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

“ನೋಡಜ್ಜಿ, ಇವು ಎಳೇ ನರಕೋಶಗಳು. ಹೊಟ್ಟೆಯೊಳಗಿನ ಮಗುವಿನ ಮಿದುಳು ಹೀಗೇ ಬೆಳೆಯೋದು. ಕೋಶಗಳ ಮೈಮೇಲೆ ಅಂಟಿನಂಥ ಅಣುಗಳಿರ್ತವೆ. ನರದ ತುದಿ ಅವನ್ನ ಹಿಡ್ಕೊಂಡು, ಪಕ್ಕದ ಕೋಶಗಳನ್ನ ತಡವ್ತಾ ತಡವ್ತಾ ಮುಂದೆ ಹೋಗುತ್ತೆ.”

“ಕತ್ತಲಲ್ಲಿ ನಾನು ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋದ ಹಾಗೆ!”

“ಹ್ಞೂಂ. ಈ ಇನ್ನೊಂದು ತಟ್ಟೇಲಿ ಆ ಅಂಟು ಕೆಲಸ ಮಾಡದ ಹಾಗೆ ತಡೆದಿದೀವಿ.”

ಅಜ್ಜಿ ಬಗ್ಗಿ ನೋಡಿದಳು. ನರದ ಎಳೆಗಳೆಲ್ಲ ದಾರಿ ತಪ್ಪಿ ಎಲ್ಲೆಲ್ಲೋ ಸುತ್ತಿಕೊಂಡಿದ್ದವು. “ಅಯ್ಯೋ ಪಾಪ,” ಅಂದಳು. ಅಂತೂ ಅರ್ಥವಾಯಿತಲ್ಲ ಅಂತ ನಾನು ಒಳಗೊಳಗೇ ಬೀಗಿದೆ.

ಹೊರಡುವಾಗ ಗೇಟಿನ ಕಾವಲುಗಾರ ಕೇಳಿದ: “ಏನು ನೋಡಿದ್ರಿ ಅಜ್ಜಿ?”

“ಗೋಂದಿನ ಫ್ಯಾಕ್ಟರಿನೇ ಕಣಪ್ಪ. ಆದ್ರೆ ಇದು ಮಿದುಳಿಗೆ ಹಾಕೋ ಗೋಂದು. ಇವಳಿಗೆ ಹುಟ್ಟುವಾಗ ಸ್ವಲ್ಪ ಕಮ್ಮಿ ಬಿದ್ದಿತ್ತು, ಅದಕ್ಕೇ ಹುಡುಕ್ತಿದಾಳೆ.”