ಮಗ್ಗಕ್ಕೆ ಹೊದಿಸಿದ ದುಪ್ಪಟಿ

ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸಿನ ಮುಡಿಯಿಂದ ಅಬ್ಬಲಿಗೆ ಹೂವು ಒಂದೊಂದಾಗಿ ನನ್ನ ಮಡಿಲ ಫೈಲಿನ ಮೇಲೆ ಬೀಳುತ್ತಿದೆ, ತೆಗೆಯಬೇಕು, ತೆಗೆಯುವುದಿಲ್ಲ, ಫೈಲಿನೊಳಗೆ ಸುಗುಣಮ್ಮ ಇದ್ದಾಳೆ, ಎರಡು ವರ್ಷದ ಹಿಂದಿನ ಸುಗುಣಮ್ಮ, ಕಣ್ಣು ಮಂಜಾಗಿ ಜರಿಯ ಎಳೆ ಕಾಣದೆ ಮಗ್ಗದ ಮುಂದೆ ಸುಮ್ಮನೆ ಕೂತವಳು — ಆ ಫೋಟೋ ತೆಗೆದದ್ದು ನಾನೇ, ಅದರಿಂದ ಕಾಲುಗಳನ್ನು ಕತ್ತರಿಸಿ ಹಾಕಿದ್ದೂ ನಾನೇ. ಅಂದು ಮಗ್ಗದ ಗುಂಡಿಯೊಳಗೆ ಇಳಿಬಿಟ್ಟ ಅವಳ ಕಾಲುಗಳು ತಾವಾಗಿಯೇ ಎಳೆ ಎತ್ತಿಳಿಸುವ ಹಲಗೆಗಳನ್ನು ತುಳಿಯುತ್ತಿದ್ದವು, ನೇಯಲು ಏನೂ ಇಲ್ಲ, ಆದರೂ ಒಂದು ಮೇಲೆ, ಒಂದು ಕೆಳಗೆ, ಅವಳೇ ನಾಚಿಕೊಂಡು ಹೇಳಿದಳು, ಕಾಲು ಸುಮ್ನಿರಂಗಿಲ್ರಿ ವೇದಾಬಾಯೇರ, ಕಣ್ಣು ಹೋಗಿದ್ದು ಅವಕ್ಕ ಗೊತ್ತಿಲ್ಲಲ್ರಿ. ದೇಣಿಗೆ ಕೇಳುವ ಪತ್ರದಲ್ಲಿ ಅದನ್ನು ಬರೆಯಲಿಲ್ಲ, ಕಾಲು ಆಡುತ್ತಿದ್ದರೆ ದಾನಿಗಳಿಗೆ ಅಯ್ಯೋ ಅನ್ನಿಸುವುದಿಲ್ಲ, ಸುಗುಣಮ್ಮನ ಮಗ್ಗ ಇನ್ನೆಂದೂ ಸದ್ದು ಮಾಡುವುದಿಲ್ಲ ಎಂದು ಬರೆದೆ, ದುಡ್ಡು ಹರಿದು ಬಂತು, ಅಲ್ಲಿಗೆ ನನ್ನ ಹಣೆಬರಹ ಬದಲಾಯಿತು. ಜೂರಾಲ ಅಣೆಕಟ್ಟು ಬಂತು, ಮೀನು ಕರಿಯುವ ವಾಸನೆ, ದುಪಟ್ಟಾ ತಾನಾಗಿ ಮೂಗಿಗೆ ಹೋಯಿತು, ಎಷ್ಟಾದರೂ ಆಚಾರರ ಮಗಳ ಮೂಗು, ಸುಳ್ಳಿನ ವಾಸನೆ ಮಾತ್ರ ಅದಕ್ಕೆ ಹತ್ತಲಿಲ್ಲ. ಅಪ್ಪ ಸಂಕರ್ಷಣಾಚಾರ್ ಮಕ್ತಲ್‌ನ ಗುಡಿಯಲ್ಲಿ ಚೀಟಿ ನೋಡದೆ ಊರಿನವರ ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿಸುತ್ತಾರೆ, ತನ್ನ ಹೆಸರು ಕೇಳಿದ ಕೂಡಲೇ ಸೇವೆ ಮಾಡಿಸುವವನ ಬೆನ್ನು ನೆಟ್ಟಗಾಗುತ್ತದೆ, ಅದನ್ನು ನೋಡಿ ನೋಡಿ ಕಲಿತೆ, ದೇಣಿಗೆ ಎತ್ತುವ ಈ ಕಸುಬಿಗೆ ನನಗೆ ಬೇರೆ ಗುರುವಿಲ್ಲ. ಹೈದರಾಬಾದಿನ ದಾನಿ ವಿಜಯಾಬಾಯಿಯವರ ತಾಯಿ ಕಣ್ಣು ಕಾಣದೆಯೇ ತೀರಿಕೊಂಡವರು, ಪ್ರತಿ ವರ್ಷ ಆ ತಿಥಿಗೆ ಮರೆಯದೆ ಫೋನು ಮಾಡುತ್ತೇನೆ, ಅವರ ಮಕ್ಕಳಿಗೇ ನೆನಪಿರದ ತಿಥಿ. ಕಣ್ಣು ಹೋದ ನೇಕಾರರಿಗೆಂದು ತಾಯಿಯ ಹೆಸರಿನಲ್ಲಿ ಒಂದು ಮನೆ ಕಟ್ಟಿಸುತ್ತಾರಂತೆ, ಗದ್ವಾಲಿನಲ್ಲೇ, ಇವತ್ತು ಸುಗುಣಮ್ಮನನ್ನು ಕಣ್ಣಾರೆ ಕಂಡು ಸಹಿ ಹಾಕುತ್ತಾರಂತೆ, ಬೇರೆ ಯಾರನ್ನು ತೋರಿಸುತ್ತೇನೆಂದರೂ ಬೇಡ, ನನಗ ಆಕೀನೇ ನೋಡಬೇಕವ್ವ ಎಂದರು. ಸಹಿಯಾದರೆ ಹೈದರಾಬಾದಿನ ಆಫೀಸು ನನ್ನದು, ನಮ್ಮ ಸಂಸ್ಥೆಯ ಜಯಸಿಂಹ ಸರ್ ಮಾತು ಕೊಟ್ಟಿದ್ದಾರೆ, ನಾರಾಯಣಪೇಟೆಯ ಆ ಒಂದು ಕೋಣೆಯ ಆಫೀಸು, ಏಳು ವರ್ಷ, ಸಾಕು.

ಆದರೆ ಸುಗುಣಮ್ಮನಿಗೆ ಈಗ ಕಣ್ಣು ಕಾಣುತ್ತದೆ. ಹೋದ ವರ್ಷ ಸರ್ಕಾರಿ ಶಿಬಿರದಲ್ಲಿ ಪೊರೆ ತೆಗೆದರು, ಹದಿನೈದೇ ದಿನಕ್ಕೆ ಮಗ್ಗಕ್ಕೆ ಕೂತಳು, ನನಗೆ ಫೋನಿನಲ್ಲಿ ಮಗ್ಗದ ಸದ್ದು ಕೇಳಿಸಿ ನಕ್ಕಳು, ನಾನೂ ನಕ್ಕೆ, ಪತ್ರವನ್ನು ಮಾತ್ರ ಬದಲಿಸಲಿಲ್ಲ, ಅದೇ ಪತ್ರ, ಅದೇ ಫೋಟೋ, ತಿಂಗಳು ತಿಂಗಳೂ. ಈಗ ನಿಜ ಹೇಳಿದರೆ? ಔಷಧಿಗೂ ಗುಣವಾಗದ, ನಿಜಕ್ಕೂ ಕಣ್ಣಿಲ್ಲದ ಹನ್ನೊಂದು ಮಂದಿ ನೇಕಾರರು ಇದ್ದಾರೆ, ಅವರಿಗೆಂದು ಕಟ್ಟುವ ಮನೆಯೂ ಹೋಯಿತು, ಸುಮ್ಮನಿದ್ದರೆ ಸುಗುಣಮ್ಮ ಸಾಯುವ ತನಕ ಕುರುಡಿಯಾಗಿಯೇ ಇರಬೇಕು, ಯಾವ ಕಡೆ ತಿರುಗಿದರೂ ನನ್ನದೇ ಪತ್ರ. ನಿನ್ನೆ ಫೋನು ಮಾಡಿದೆ, ನಾಳೆ ಒಂದು ಹೊತ್ತು ನೇಯಬೇಡಿ, ಮಗ್ಗಕ್ಕೊಂದು ಬಟ್ಟೆ ಹೊದಿಸಿಬಿಡಿ ಎಂದೆ, ಹೊದಿಸಲೇಬೇಕೇನ್ರಿ ಎಂದಳು, ಹೌದು ಎಂದೆ, ಆತು ಬಿಡ್ರಿ ಎಂದಳು. ಹಾಗೆ ಕೇಳಿದ್ದು ಏತಕ್ಕೆಂದು ಆಗಲೇ ಕೇಳಬೇಕಿತ್ತು. ಗದ್ವಾಲ್, ಬಸ್ ಸ್ಟ್ಯಾಂಡು, ಆಟೋ, ನೇಕಾರರ ಓಣಿ, ಬಾಗಿಲ ಮುಂದೆ ಯಾಕಿಷ್ಟು ಜನ, ಹೆಂಗಸರು ಸೆರಗು ಹೊದ್ದು ನಿಂತಿದ್ದಾರೆ, ಎದುರುಮನೆಯ ಪೋಚಮ್ಮ ನನ್ನ ಕೈ ಹಿಡಿದು ಕೇಳುತ್ತಾಳೆ, ಯಾರು ಹೋದ್ರವ್ವ? ಅವಳ ಮಾತಿನಿಂದಲೇ ತಿಳಿಯಿತು, ಅರ್ಧ ನೇಯ್ದ ಸೀರೆ ಇರುವಾಗ ಮಗ್ಗಕ್ಕೆ ಬಟ್ಟೆ ಹೊದಿಸುವುದು ಈ ಓಣಿಯಲ್ಲಿ ಒಂದೇ ಕಾರಣಕ್ಕೆ, ಆ ಮನೆಯಲ್ಲಿ ಸಾವಾದಾಗ. ಏಳು ವರ್ಷ ಈ ಓಣಿಗೆ ಬಂದಿದ್ದೇನೆ, ಹೈದರಾಬಾದಿನ ದಾನಿಗಳ ಮೂರು ತಲೆಮಾರಿನ ತಿಥಿ ಬಾಯಿಪಾಠ, ಇದೊಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ಸುಗುಣಮ್ಮನ ಗಂಡ ಮಾರ್ಕಂಡೇಯ ಬಂದವರಿಗೆಲ್ಲ ಕೈ ಮುಗಿದು ಹೇಳುತ್ತಿದ್ದಾನೆ, ಯಾರೂ ಹೋಗಿಲ್ರಿ, ಎಲ್ಲಾರೂ ಅದೀವ್ರಿ, ನನ್ನ ಮುಖ ಮಾತ್ರ ನೋಡುವುದಿಲ್ಲ.

ಒಳಗೆ ಕಾರಿನಲ್ಲಿ ಬಂದವರು ಆಗಲೇ ಕೂತಿದ್ದಾರೆ, ಜಯಸಿಂಹ ಸರ್ ಕಣ್ಣಲ್ಲೇ ನನಗೆ ಶಹಬ್ಬಾಸ್ ಹೇಳುತ್ತಿದ್ದಾರೆ, ವಿಜಯಾಬಾಯಿ ಸುಗುಣಮ್ಮನ ಕೈ ಹಿಡಿದು ಅಳುತ್ತಿದ್ದಾರೆ, ನಮ್ಮ ಅವ್ವನೂ ಹಿಂಗ ಕುಂದರತಿದ್ಲು ಎನ್ನುತ್ತಿದ್ದಾರೆ, ಸುಗುಣಮ್ಮ ಎಂದಿನ ಜಾಗದಲ್ಲೇ, ಗುಂಡಿಯ ಅಂಚಿನಲ್ಲಿ, ಕಾಲು ಇಳಿಬಿಟ್ಟು, ಮಗ್ಗದ ಮೇಲೆ ಬಿಳಿ ದುಪ್ಪಟಿ. ಕುರುಡಿಯಂತೆ ಇರು ಎಂದು ನಾನು ಹೇಳಿರಲಿಲ್ಲ, ದೇವರಾಣೆ ಹೇಳಿರಲಿಲ್ಲ, ಆದರೆ ಅವಳು ನೇರ ನನ್ನ ಕಣ್ಣನ್ನೇ ನೋಡುತ್ತ ಗಾಳಿಯಲ್ಲಿ ಕೈಯಾಡಿಸಿ ನನ್ನನ್ನು ಹುಡುಕುತ್ತಾಳೆ, ವೇದಾಬಾಯೇರು ಬಂದ್ರೇನ್ರಿ? ನನಗಾಗಿ. ನನ್ನ ನೌಕರಿಗಾಗಿ. ಈಗ ಬಾಯಿ ತೆರೆಯಬೇಕು, ಒಂದೇ ಮಾತು, ಹನ್ನೊಂದು ಮಂದಿ, ಹೈದರಾಬಾದು, ಸರ್ ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚುತ್ತಿದ್ದಾರೆ, ಹೇಳು ವೇದಾ — ದುಪ್ಪಟಿ ಅಲುಗಿತು. ಗುಂಡಿಯೊಳಗೆ ಅವಳ ಕಾಲು ಸುಮ್ಮನಿಲ್ಲ, ಒಂದು ಮೇಲೆ, ಒಂದು ಕೆಳಗೆ, ಎಳೆಗಳ ಜೊತೆ ದುಪ್ಪಟಿಯೂ ಏಳುತ್ತದೆ, ಇಳಿಯುತ್ತದೆ, ಬದುಕಿರುವವರ ಮೇಲೆ ಹೊದಿಸಿಬಿಟ್ಟ ಹಾಗೆ, ವಿಜಯಾಬಾಯಿ ಪೆನ್ನು ತೆಗೆದುಕೊಂಡರು, ದುಪ್ಪಟಿ ಏಳುತ್ತದೆ, ಇಳಿಯುತ್ತದೆ, ಏಳುತ್ತದೆ